ತಲೆ ಬದಲಾಯಿತು, ಕಥೆ ಬೆಳೆಯಿತು

ಮಾಯದ ಉಂಗುರ, ಮಾತನಾಡುವ ಮರ, ಬೆಂಕಿಯುಗುಳುವ ಸರ್ಪ. ಇಂಥ ಪುಸ್ತಕ ಹಿಡಿದು ಕುಳಿತ ಮಕ್ಕಳನ್ನು ಕಂಡರೆ ಅನೇಕ ಪಾಲಕರಿಗೆ ಚಿಂತೆ. ಪಾಠ ಬಿಟ್ಟು ಕಟ್ಟುಕಥೆ ಓದಿದರೆ ಬಂದದ್ದೇನು? ಆದರೆ ಈ ಕಟ್ಟುಕಥೆಗಳ ಬೇರು ಹುಡುಕುತ್ತ ಹೋದರೆ ಮಧ್ಯಯುಗದ ದೊಡ್ಡ ಕಥಾಭಂಡಾರವೇ ತೆರೆದುಕೊಳ್ಳುತ್ತದೆ.

‘ಲಾರ್ಡ್ ಆಫ್ ದಿ ರಿಂಗ್ಸ್’ (1954-55) ಬರೆದ ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದವರು. ಅವರ ಮಾಂತ್ರಿಕ ಗ್ಯಾಂಡಾಲ್ಫ್‌ನ ಹೆಸರು ಐಸ್‌ಲ್ಯಾಂಡಿನ ಪ್ರಾಚೀನ ಕಾವ್ಯವೊಂದರಲ್ಲಿ ಬರುವ ಕುಬ್ಜರ ಪಟ್ಟಿಯಿಂದ ಬಂದದ್ದು.

ಕನ್ನಡದಲ್ಲಿಯೂ ಇಂಥ ಉದಾಹರಣೆಯಿದೆ. 11ನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಸಂಸ್ಕೃತದಲ್ಲಿ ‘ಕಥಾಸರಿತ್ಸಾಗರ’ ರಚಿಸಿದ. ರಾಜನ ಹೆಗಲೇರಿ ಬೇತಾಳ ಹೇಳುವ ಕಥೆಗಳು ಅದರಲ್ಲಿವೆ. ಒಂದು ಕಥೆಯಲ್ಲಿ ಒಬ್ಬಳ ಗಂಡ ಮತ್ತು ಸಹೋದರ ದೇವಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ದೇವಿ ಒಲಿದು ತಲೆಗಳನ್ನು ಜೋಡಿಸಲು ಹೇಳಿದಾಗ ಅವಳು ಗಡಿಬಿಡಿಯಲ್ಲಿ ಅದಲುಬದಲು ಮಾಡುತ್ತಾಳೆ. ಈಗ ಗಂಡ ಯಾರು? ಗಂಡನ ತಲೆಯಿರುವವನೇ, ಏಕೆಂದರೆ ಅಂಗಗಳಲ್ಲಿ ತಲೆಯೇ ಪ್ರಧಾನ ಎನ್ನುತ್ತಾನೆ ರಾಜ.

ಜರ್ಮನ್ ಲೇಖಕ ಥಾಮಸ್ ಮಾನ್ 1940ರಲ್ಲಿ ಇದನ್ನು ಕಾದಂಬರಿಯಾಗಿಸಿದರು. ಅಲ್ಲಿ ಸಹೋದರನ ಜಾಗದಲ್ಲಿ ಗೆಳೆಯನಿದ್ದಾನೆ. 1971ರಲ್ಲಿ ಗಿರೀಶ ಕಾರ್ನಾಡರು ‘ಹಯವದನ’ ನಾಟಕ ಬರೆದರು. ರಾಜನ ಉತ್ತರಕ್ಕೆ ಬೇತಾಳನ ಕಥೆ ಮುಗಿದಿತ್ತು. ಕಾರ್ನಾಡರ ಕಥೆ ಅಲ್ಲಿಂದಲೇ ಬಿಗಿಯಾಗುತ್ತದೆ. ಪಂಡಿತ ದೇವದತ್ತನಿಗೆ ಬಂದ ಗಟ್ಟಿಮುಟ್ಟಾದ ದೇಹ ದಿನಕಳೆದಂತೆ ಮೆತ್ತಗಾಗುತ್ತದೆ. ದುಡಿಯುವ ಕಪಿಲನಿಗೆ ಬಂದ ಮೆತ್ತನೆಯ ದೇಹ ಗಟ್ಟಿಯಾಗುತ್ತದೆ. ತಲೆ ಗೆಲ್ಲುತ್ತದೆ, ಆದರೆ ಯಾರೂ ಸುಖವಾಗಿ ಉಳಿಯುವುದಿಲ್ಲ. ಕುದುರೆಯ ತಲೆಯ ಹಯವದನನಿಗೂ ಪೂರ್ಣ ಮನುಷ್ಯನಾಗುವ ಆಸೆ. ಕೊನೆಗೆ ಅವನು ಪೂರ್ಣ ಕುದುರೆಯಾಗುತ್ತಾನೆ!

ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ ನಾಟಕದಲ್ಲಿಯೂ ರಾಜಕುಮಾರನೊಬ್ಬನ ದೇಹ ಎರಡಾಗುತ್ತದೆ. ಜನಪದ ಕಥೆಯ ಸೊಗಡಿನ ಈ ನಾಟಕಕ್ಕೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇವು ಬರಿಯ ಮಾಯಾಜಾಲವೇ? 1967ರಲ್ಲಿ ದಕ್ಷಿಣ ಆಫ್ರಿಕದಲ್ಲಿ ವೈದ್ಯರು ಒಬ್ಬರ ಹೃದಯವನ್ನು ಇನ್ನೊಬ್ಬರಿಗೆ ಕಸಿ ಮಾಡಿದರು. ಅಂಗ ಬದಲಾದ ಮನುಷ್ಯ ಅವನೇ ಹೌದೇ? ವಿಜ್ಞಾನ ಇಂದು ಎದುರಿಸುವ ಈ ಪ್ರಶ್ನೆಯನ್ನು ಬೇತಾಳ ಒಂಬತ್ತು ಶತಮಾನ ಮೊದಲೇ ಕೇಳಿದ್ದ.

ಆದ್ದರಿಂದ ಪಾಲಕರೇ, ಮಕ್ಕಳ ಕೈಯ ಪುಸ್ತಕ ಕಸಿಯಬೇಡಿ. ಪಕ್ಕದಲ್ಲಿ ಬೇತಾಳನ ಕಥೆಗಳನ್ನೂ ಇಡಿ. ವಿದ್ಯಾರ್ಥಿಗಳೇ, ಓದುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಎಲ್ಲಿಂದ ಬಂತು? ಲೇಖಕ ಇದರಲ್ಲಿ ಏನನ್ನು ಬದಲಿಸಿದ?