ಪ್ರಶಿಕ್ಷಣಾರ್ಥಿ ಶಿಕ್ಷಕ ಮತ್ತು ಮಕ್ಕಳ ಕಲಾಶಿಕ್ಷಣ: ಉಡುಪಿ ಪರಿಸರದ ಹಿನ್ನೆಲೆಯಲ್ಲಿ

ವಿಶೇಷ ಶಿಕ್ಷಕರಿಲ್ಲದ ಪ್ರಾಥಮಿಕ ಶಾಲೆಗಳಲ್ಲಿ ಚಿತ್ರ ಹಾಗೂ ಸಂಗೀತವನ್ನು ಕಲಿಸುವ ಹೊಣೆ ತರಗತಿ ಶಿಕ್ಷಕನದೇ ಆಗಿರುತ್ತದೆ. ಭಾಷೆ, ಗಣಿತಗಳನ್ನು ಬೋಧಿಸಲು ಸಿದ್ಧನಾಗಿ ಬಂದ ಪ್ರಶಿಕ್ಷಣಾರ್ಥಿಯು ತನಗೆ ಹಾಡಲು ಬಾರದು, ಚಿತ್ರ ಬರೆಯಲು ಬಾರದು ಎಂದು ಹಿಂಜರಿದರೆ ಆ ಅವಧಿ ಬೇರೊಂದು ವಿಷಯದ ಪಾಲಾಗುತ್ತದೆ. ಹಲವು ಮಕ್ಕಳಿಗೆ ಶಾಲೆಯ ಹೊರಗೆ ಕಲಾಭ್ಯಾಸಕ್ಕೆ ಅವಕಾಶವಿಲ್ಲ. ಆದ್ದರಿಂದ ಈ ಹಿಂಜರಿಕೆಯ ನಷ್ಟವನ್ನು ಅನುಭವಿಸುವವರು ಮಕ್ಕಳೇ. ಈ ತೊಡಕನ್ನು ನೀಗುವಲ್ಲಿ ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಪರಿಸರದ ಕಲಾಪರಂಪರೆ ಹೇಗೆ ನೆರವಾಗಬಲ್ಲದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಲೆಯನ್ನು ಶಿಕ್ಷಣದ ಒಳಗೆ ತರುವ ಚಿಂತನೆ ಹೊಸದಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನು ಆರಂಭಿಸಿದರು. ಕರಾವಳಿಯಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಕೈಗೊಂಡರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾಶಿಕ್ಷಣಕ್ಕೆ ಶಾಲೆಯಲ್ಲಿ ನಿಶ್ಚಿತ ಸ್ಥಾನವಿರಬೇಕೆಂದಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯನ್ನು ಅನುಸರಿಸಿ ರೂಪುಗೊಂಡ ಬಿ.ಎಡ್. ಪಠ್ಯಕ್ರಮದಲ್ಲಿ ನಾಟಕ ಮತ್ತು ಕಲೆಯ ಅಧ್ಯಯನಕ್ಕೂ ಎಡೆ ದೊರೆಯಿತು. ಇಲ್ಲಿನ ಆಶಯ ಕಲಾವಿದನನ್ನು ರೂಪಿಸುವುದಲ್ಲ. ಕಲೆಯ ಮೂಲಕ ಮಗುವನ್ನು ಅರಿಯಬಲ್ಲ ಶಿಕ್ಷಕನನ್ನು ರೂಪಿಸುವುದು.

ಚಿತ್ರಕಲೆಯ ತರಗತಿಯಲ್ಲಿ ಪ್ರಶಿಕ್ಷಣಾರ್ಥಿಯು ಮೊದಲು ಕಲಿಯಬೇಕಾದುದು ತಿದ್ದದಿರುವುದನ್ನು. ಏಳೆಂಟು ವರ್ಷದ ಮಗು ಹಾಳೆಯ ತಳದಲ್ಲಿ ನೆಲವನ್ನೂ ಮೇಲ್ತುದಿಯಲ್ಲಿ ಆಕಾಶದ ಪಟ್ಟಿಯನ್ನೂ ಬರೆದು ನಡುವೆ ಖಾಲಿ ಬಿಡುತ್ತದೆ. ಮನೆಯ ಗೋಡೆಯನ್ನು ಬರೆದೂ ಒಳಗಿನ ಜನರನ್ನು ಕಾಣಿಸುತ್ತದೆ. ಇವು ತಪ್ಪುಗಳಲ್ಲ, ಬೆಳವಣಿಗೆಯ ಸಹಜ ಹಂತಗಳೆಂದು ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ನಿರೂಪಿಸಿದರು. ಇದನ್ನರಿಯದ ಶಿಕ್ಷಕನು ಕರಿಹಲಗೆಯ ಮೇಲೆ ಮಾದರಿಯನ್ನು ಬರೆದು ನಕಲು ಮಾಡಿಸುತ್ತಾನೆ. ಆಗ ಮಕ್ಕಳ ಚಿತ್ರಗಳೆಲ್ಲ ಒಂದೇ ಬಗೆಯವಾಗುತ್ತವೆ. ಯಾವ ಮಗು ಏನನ್ನು ಕಂಡಿತು ಎಂಬುದು ತಿಳಿಯದೇ ಹೋಗುತ್ತದೆ.

ನಕಲಿನ ಬದಲು ನೋಟವನ್ನು ಬೆಳೆಸಲು ಪರಿಸರವೇ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತದೆ. ಕಾಪು ಭಾಗದ ಮಟ್ಟುವಿನ ಗುಳ್ಳವನ್ನು ಮೇಜಿನ ಮೇಲಿರಿಸಿದರೆ ಅದರ ತಿಳಿಹಸಿರು, ದುಂಡು ಮೈ, ಮುಳ್ಳಿನ ತೊಟ್ಟು ಇವು ಮಕ್ಕಳ ಕಣ್ಣಿಗೆ ಬೀಳುತ್ತವೆ. 1586ರಲ್ಲಿ ನಿರ್ಮಾಣಗೊಂಡ ಕಾರ್ಕಳದ ಚತುರ್ಮುಖ ಬಸದಿ ನಾಲ್ಕು ದಿಕ್ಕಿಗೂ ಒಂದೇ ಬಗೆಯ ಮುಖವನ್ನು ಹೊಂದಿದೆ. ಸಮಮಿತಿಯ ಪಾಠಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯದು. 1911ರಲ್ಲಿ ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ನೃತ್ಯ, ಸಂಗೀತಗಳ ಚಲನೆಯನ್ನು ರೇಖೆಗಳಲ್ಲಿ ಹಿಡಿದರು. ಅವರ ರೇಖಾಚಿತ್ರಗಳನ್ನು ತೋರಿಸಿದಾಗ ಚಿತ್ರವೂ ಲಯವೂ ಬೇರೆಯಲ್ಲವೆಂಬುದು ಮಕ್ಕಳಿಗೆ ಮನದಟ್ಟಾಗುತ್ತದೆ.

ಸಂಗೀತದಲ್ಲಿ ಸಮಸ್ಯೆ ತುಸು ಭಿನ್ನ. ಮಕ್ಕಳ ಧ್ವನಿ ವಯಸ್ಕರದಕ್ಕಿಂತ ಎತ್ತರದಲ್ಲಿರುತ್ತದೆ. ಪುರುಷ ಶಿಕ್ಷಕನು ತನ್ನ ತಗ್ಗಿನ ಶ್ರುತಿಗೇ ಮಕ್ಕಳನ್ನು ಎಳೆದರೆ ಸ್ವರ ಹೂತುಹೋಗುತ್ತದೆ. ಅನಂತರ ಮಗುವಿಗೇ ಹಾಡಲು ಬಾರದೆಂಬ ತೀರ್ಪು ಬೀಳುತ್ತದೆ. ಮಕ್ಕಳಿಗೆ ಒಗ್ಗುವ ಶ್ರುತಿಯನ್ನು ಗುರುತಿಸುವುದು ಪ್ರಶಿಕ್ಷಣದ ಮೊದಲ ಪಾಠವಾಗಬೇಕು. ಸ್ವರಜ್ಞಾನ ಕಡಿಮೆಯಿರುವವನು ಲಯದಿಂದ ಆರಂಭಿಸಬಹುದು. ತುಳುನಾಡಿನ ಗದ್ದೆಯ ಕೆಲಸದಲ್ಲಿ ಹಾಡುವ ಓಬೇಲೆಯಲ್ಲಿ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. ಈ ಕ್ರಮ ತರಗತಿಗೆ ಹೇಳಿ ಮಾಡಿಸಿದಂತಿದೆ. ಮನೆಯಲ್ಲಿ ತುಳು ಆಡುವ ಮಗುವಿಗೆ ತನ್ನ ಮಾತು ಶಾಲೆಯಲ್ಲಿ ಪಾಠವಾಗುವ ಸಂತೋಷವೂ ಇದರಿಂದ ಒದಗುತ್ತದೆ.

ಯಕ್ಷಗಾನದ ಕಲಿಕೆಯ ವಿಧಾನವೂ ಇಲ್ಲಿ ಮನನೀಯ. 1971ರಲ್ಲಿ ಸ್ಥಾಪನೆಗೊಂಡ ಉಡುಪಿಯ ಯಕ್ಷಗಾನ ಕೇಂದ್ರವು ಗುರುಮುಖೇನ ಕಲಿಕೆಗೆ ಸಾಂಸ್ಥಿಕ ರೂಪವನ್ನು ನೀಡಿತು. ಕೈಯಲ್ಲಿ ತಾಳ, ಬಾಯಲ್ಲಿ ಬಾಯಿತಾಳ, ಬಳಿಕ ಕಾಲಿನಲ್ಲಿ ಹೆಜ್ಜೆ ಎಂಬ ಅನುಕ್ರಮವನ್ನು ಪ್ರಾಥಮಿಕ ತರಗತಿಗೂ ಅಳವಡಿಸಬಹುದು. ನಾಲ್ಕಕ್ಷರದ ಏಕತಾಳ, ಏಳಕ್ಷರದ ತ್ರಿವುಡೆಗಳನ್ನು ಚಪ್ಪಾಳೆಯಲ್ಲಿ ಎಣಿಸುವ ಮಗು ಗಣಿತವನ್ನೂ ಅಭ್ಯಾಸ ಮಾಡುತ್ತಿರುತ್ತದೆ. ಆದರೆ ಕಲೆಯನ್ನು ಅನ್ಯ ವಿಷಯಗಳ ಊಳಿಗಕ್ಕೆ ಮಾತ್ರ ಬಳಸುವುದು ಸಲ್ಲದು. ವಾರ್ಷಿಕೋತ್ಸವದ ಪ್ರದರ್ಶನಕ್ಕಾಗಿ ಆಯ್ದ ಕೆಲವರನ್ನಷ್ಟೇ ಸಿದ್ಧಪಡಿಸುವುದೂ ಕಲಾಶಿಕ್ಷಣವೆನಿಸದು.

ಮೌಲ್ಯಮಾಪನದಲ್ಲಿ ಅಂಕಕ್ಕಿಂತ ದಾಖಲೆ ಮುಖ್ಯ. ಪ್ರತಿ ಮಗುವಿನ ಚಿತ್ರಗಳನ್ನು ದಿನಾಂಕ ನಮೂದಿಸಿ ಕಡತದಲ್ಲಿ ಸಂಗ್ರಹಿಸಿದರೆ ವರ್ಷಾಂತ್ಯಕ್ಕೆ ಅದರ ಬೆಳವಣಿಗೆ ತಾನಾಗಿ ಗೋಚರಿಸುತ್ತದೆ. ಪ್ರಶಿಕ್ಷಣಾರ್ಥಿಯೂ ತನ್ನ ಪಾಠಗಳ ಬಗೆಗೆ ಇಂತಹುದೇ ಕಡತವನ್ನು ಇರಿಸಿಕೊಳ್ಳುವುದು ಒಳಿತು.

ಒಟ್ಟಿನಲ್ಲಿ, ಕಲಾಶಿಕ್ಷಕನಿಗೆ ಅಗತ್ಯವಾದುದು ಪಾಂಡಿತ್ಯಕ್ಕಿಂತ ಮಿಗಿಲಾಗಿ ನೋಡುವ ಕಣ್ಣು, ಆಲಿಸುವ ಕಿವಿ ಹಾಗೂ ಮಕ್ಕಳೊಡನೆ ತಾನೂ ಕಲಿಯುವ ವಿನಯ. ಇವನ್ನು ಕಲಿಸಲು ಬೇಕಾದ ಪರಂಪರೆ ಈ ನೆಲದಲ್ಲಿದೆ. ಪ್ರಶಿಕ್ಷಣ ಸಂಸ್ಥೆಗಳು ಸ್ಥಳೀಯ ಭಾಗವತರನ್ನೂ ಶಿಲ್ಪಿಗಳನ್ನೂ ತಮ್ಮ ಬೋಧನೆಯಲ್ಲಿ ಸಹಭಾಗಿಗಳನ್ನಾಗಿಸಿಕೊಂಡರೆ 'ನನಗೆ ಬಾರದು' ಎಂಬ ಹಿಂಜರಿಕೆ ಶಿಕ್ಷಕನಿಂದ ಮಗುವಿಗೆ ದಾಟದಂತೆ ತಡೆಯಬಹುದು.