ಕಂಬಳದ ಕರೆಯಂಚಿನಲ್ಲಿ ಸತ್ಯನ್ ಇದ್ದಿದ್ದರೆ

ಕಾರ್ಕಳದ ಮಿಯಾರಿನಲ್ಲಿ ಲವ-ಕುಶ ಜೋಡುಕರೆ ಕಂಬಳ ನಡೆಯುವಾಗ ಮಂಜೊಟ್ಟಿಯ ಬಳಿ ಹೋಗಿ ನಿಂತರೆ ಕೋಣಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಕ್ಯಾಮೆರಾಗಳ ಸಾಲು. ಮೊಣಕೈ ಉದ್ದದ ಲೆನ್ಸುಗಳೆಲ್ಲ ಕೆಸರುನೀರು ಚಿಮ್ಮುವ ಆ ಒಂದು ಗಳಿಗೆಗೆ ಕಾದಿರುತ್ತವೆ. ಪರ್ಯಾಯದ ಬೆಳಗಿನ ಜಾವ ಉಡುಪಿಯ ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆಯಲ್ಲಿ, ಕಾಪುವಿನ ಪಿಲಿ ಕೋಲದಲ್ಲಿ, 2015ರಲ್ಲಿ ಕಾರ್ಕಳದ ಗೊಮ್ಮಟನಿಗೆ ನಡೆದ ಮಹಾಮಸ್ತಕಾಭಿಷೇಕದಲ್ಲಿ, ಎಲ್ಲ ಕಡೆಯೂ ಇದೇ ನೂಕುನುಗ್ಗಲು. ಚಿತ್ರಗಳು ಚೆನ್ನಾಗಿಯೇ ಬರುತ್ತವೆ, ಇಲ್ಲವೆನ್ನಬಾರದು. ಆದರೆ ಹತ್ತು ಮಂದಿ ತೆಗೆದ ಹತ್ತು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಯಾರದ್ದು ಹೇಳಿ ಎಂದರೆ, ತೆಗೆದವರೇ ತಡವರಿಸಬೇಕಾದೀತು. ಓಟ ಮುಗಿಸಿ ಬಂದ ಕೋಣದ ಮೈ ತೊಳೆಯುವವನು, ರಾತ್ರಿಯಿಡೀ ಬೈಹುಲ್ಲಿನ ಪಕ್ಕದಲ್ಲಿ ನಿದ್ದೆಗೆಟ್ಟವನು, ಗದ್ದೆಯಂಚಿನಲ್ಲಿ ಚರುಮುರಿ ಮಾರುವ ಹೆಂಗಸು, ಇವರ ಚಿತ್ರ ಬೇಕೆಂದರೆ ಹುಡುಕಬೇಕು.

ಡಾಕ್ಯುಮೆಂಟರಿ ಛಾಯಾಗ್ರಹಣ ಎಂಬ ಕಸುಬಿಗೆ ಇವರೇ ಮುಖ್ಯ. ಕ್ಯಾಮೆರಾ ಹಿಡಿದ ನಮ್ಮ ಹುಡುಗರಿಗೆ ಆ ಕಸುಬನ್ನು ಪರಿಚಯಿಸಲು ಮೈಸೂರಿನ ಟಿ.ಎಸ್. ಸತ್ಯನ್ ಅವರಿಗಿಂತ ಒಳ್ಳೆಯ ಹೆಸರು ನನಗೆ ತೋಚುವುದಿಲ್ಲ.

ಸತ್ಯನ್ ಹುಟ್ಟಿದ್ದು 1923ರ ಡಿಸೆಂಬರ್ 18ರಂದು. ಓದಿದ್ದು ಮೈಸೂರಿನ ಬನುಮಯ್ಯ ಶಾಲೆಯಲ್ಲಿ, ಆಮೇಲೆ ಮಹಾರಾಜ ಕಾಲೇಜಿನಲ್ಲಿ. ಆರ್.ಕೆ. ನಾರಾಯಣ್ ಬೀದಿ ಸುತ್ತುತ್ತಾ ಕತೆ ಹೆಕ್ಕುತ್ತಿದ್ದ ಮೈಸೂರು ಅದು. ಮುಂದೆ ನಾರಾಯಣ್ ಸತ್ಯನ್ ಅವರಿಗೆ ಸ್ನೇಹಿತರೂ ಆದರು, ಅವರ ಕ್ಯಾಮೆರಾಕ್ಕೆ ವಸ್ತುವೂ ಆದರು. ಇಂದಿರಾ ಗಾಂಧಿಯವರ ಮಾಹಿತಿ ಸಲಹೆಗಾರರಾಗಿದ್ದ ಎಚ್.ವೈ. ಶಾರದಾಪ್ರಸಾದ್ ಕೂಡ ಆ ಮೈಸೂರಿನ ಗೆಳೆಯರೇ. ಇಬ್ಬರೂ ಸೇರಿ 1981ರಲ್ಲಿ ‘ಎಕ್ಸ್‌ಪ್ಲೋರಿಂಗ್ ಕರ್ನಾಟಕ’ ಎಂಬ ಪುಸ್ತಕ ತಂದರು: ಬರಹ ಶಾರದಾಪ್ರಸಾದರದ್ದು, ಚಿತ್ರಗಳು ಸತ್ಯನ್ ಅವರದ್ದು.

1948ರಲ್ಲಿ ಬೆಂಗಳೂರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಶುರುವಾದಾಗ ಸತ್ಯನ್ ಅದರ ಛಾಯಾಗ್ರಾಹಕರಾದರು. ಅಲ್ಲಿಂದ ‘ಇಲಸ್ಟ್ರೇಟೆಡ್ ವೀಕ್ಲಿ’. ಅದನ್ನೂ ಬಿಟ್ಟು ಸ್ವತಂತ್ರವಾಗಿ ದುಡಿಯಲು ಹೊರಟದ್ದು 1950ರ ದಶಕದಲ್ಲಿ. ತಿಂಗಳ ಸಂಬಳವಿಲ್ಲದೆ, ಫೋಟೋ ತೆಗೆದೇ ದೆಹಲಿಯಲ್ಲಿ ಸಂಸಾರ ತೂಗಿಸುತ್ತೇನೆ ಎಂದು ಹೊರಡುವುದಕ್ಕೆ ಆ ಕಾಲದಲ್ಲಿ ಗಟ್ಟಿ ಗುಂಡಿಗೆ ಬೇಕಿತ್ತು. (ಈ ಕಾಲದಲ್ಲೂ ಬೇಕು. ಮದುವೆ ಆರ್ಡರ್ ಇಲ್ಲದೆ ಬದುಕುವ ಫೋಟೋಗ್ರಾಫರ್ ನಮ್ಮ ಉಡುಪಿಯಲ್ಲಿ ಎಷ್ಟು ಜನ ಸಿಕ್ಕಾರು?) ಅವರ ಚಿತ್ರಗಳು ‘ಲೈಫ್’, ‘ಟೈಮ್’, ‘ನ್ಯೂಸ್‌ವೀಕ್’ ಪತ್ರಿಕೆಗಳಲ್ಲಿ ಬಂದವು. 1977ರಲ್ಲಿ ಪದ್ಮಶ್ರೀ ಬಂತು.

ಗೋವಾ ವಿಮೋಚನೆಯಂಥ ದೊಡ್ಡ ಸುದ್ದಿಗಳನ್ನೂ ಅವರು ಮಾಡಿದ್ದಾರೆ, ನೆಹರೂ ಅವರಂಥ ನಾಯಕರನ್ನೂ ತೆಗೆದಿದ್ದಾರೆ. ಆದರೆ ಅವರ ತೂಕ ಇರುವುದು ಅಲ್ಲಿ ಎಂದು ನನಗೆ ಅನಿಸುವುದಿಲ್ಲ. ನೆಹರೂ ಎದುರು ನಿಂತರೆ ಯಾರಿಗಾದರೂ ಒಂದು ಒಳ್ಳೆಯ ಚಿತ್ರ ಸಿಕ್ಕೀತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಚಿತ್ರಗಳನ್ನು, ಯುನಿಸೆಫ್‌ಗಾಗಿ ಮಕ್ಕಳ ಚಿತ್ರಗಳನ್ನು ತೆಗೆಯಲು ಅವರು ಹಳ್ಳಿ ಹಳ್ಳಿ ಸುತ್ತಿದರಲ್ಲ, ಅದು ಬೇರೆಯೇ ಕೆಲಸ.

ಸಿಡುಬಿನ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆರೋಗ್ಯ ಕಾರ್ಯಕರ್ತರು ಒಂದು ಕಾರ್ಡು ಹಿಡಿದುಕೊಂಡು ಮನೆ ಮನೆಗೆ ಹೋಗುತ್ತಿದ್ದರು. ಕಾರ್ಡಿನಲ್ಲಿ ಮೈತುಂಬ ಗುಳ್ಳೆ ಎದ್ದ ಮಗುವಿನ ಫೋಟೋ. ಇಂಥ ಕಾಯಿಲೆ ಯಾರಿಗಾದರೂ ಬಂದಿದೆಯಾ ಎಂದು ತೋರಿಸಿ ಕೇಳುತ್ತಿದ್ದರು. ಹೊಸ ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನ ಇತ್ತು. ರೋಗಿ ಸಿಕ್ಕಿದ ಕೂಡಲೇ ಮನೆಗೆ ಕಾವಲು ಹಾಕಿ, ಸುತ್ತಮುತ್ತಲಿನವರಿಗೆಲ್ಲ ಎರಡು ಮೊನೆಯ ಸೂಜಿಯಿಂದ ತೋಳಿನ ಮೇಲೆ ಚುಚ್ಚಿ ಚುಚ್ಚಿ ಲಸಿಕೆ ಹಾಕುತ್ತಿದ್ದರು. ನಮ್ಮ ಹಿರಿಯರ ತೋಳಿನ ಮೇಲೆ ಆ ಕಲೆ ಇನ್ನೂ ಇದೆ. ಭಾರತದಲ್ಲಿ ಕೊನೆಯ ಪ್ರಕರಣ ಸಿಕ್ಕಿದ್ದು 1975ರಲ್ಲಿ. ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು 1980ರಲ್ಲಿ ಸಾರಿದರು.

ಸುದ್ದಿಯ ಲೆಕ್ಕದಲ್ಲಿ ಇದರಲ್ಲಿ ಫೋಟೋ ತೆಗೆಯುವಂಥದ್ದು ಕಡಿಮೆ: ನಡಿಗೆ, ಬಾಗಿಲು ತಟ್ಟುವುದು, ಸೂಜಿ, ಅಳುವ ಕೂಸು, ಮತ್ತೆ ನಡಿಗೆ. ಮೇಲಾಗಿ ಕಾಯಿಲೆ ಬಿದ್ದ ಮಗುವಿನ ಎದುರು ಕ್ಯಾಮೆರಾ ಎತ್ತುವುದು ಸಲೀಸಲ್ಲ. ತಾಯಿ ಏನೆಂದುಕೊಂಡಾಳು? ಅಯ್ಯೋ ಪಾಪ ಎನ್ನಿಸುವ ಚಿತ್ರ ತೆಗೆದು ಮಾರುವುದಕ್ಕೆ ಹೆಚ್ಚು ಜಾಣತನ ಬೇಕಿಲ್ಲ. ಸತ್ಯನ್ ಆ ಕಡೆ ಹೋಗಲಿಲ್ಲ. ಅವರ ಚಿತ್ರದ ಮಕ್ಕಳು ಬಡವರ ಮಕ್ಕಳೇ; ಆದರೆ ಆಡುತ್ತಿರುತ್ತವೆ, ಮುನಿಸಿಕೊಂಡಿರುತ್ತವೆ, ತಮ್ಮದೇ ಏನೋ ಘನಕಾರ್ಯದಲ್ಲಿ ಮುಳುಗಿರುತ್ತವೆ. ಕ್ಯಾಮೆರಾದವನು ಒಬ್ಬ ಬಂದಿದ್ದಾನೆ ಎಂಬುದೇ ಅವಕ್ಕೆ ಮರೆತಂತಿರುತ್ತದೆ. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ‘ಲಿಟಲ್ ಪೀಪಲ್’ ಎಂಬ ಹೆಸರಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ನಡೆಯಿತು. ಪ್ರಶಸ್ತಿಗಳ ಪಟ್ಟಿಗಿಂತ ನನಗೆ ಇದು ಹೆಚ್ಚು.

ಅದು ಫಿಲ್ಮಿನ ಕಾಲ ಎಂಬುದನ್ನೂ ನೆನಪಿಡಬೇಕು. ಎರಡು ಲೆನ್ಸಿನ ರೋಲಿಫ್ಲೆಕ್ಸ್‌ಗೆ ಒಂದು ರೋಲು ಹಾಕಿದರೆ ಸಿಗುವುದು 12 ಚಿತ್ರ, ಚಿಕ್ಕ ಕ್ಯಾಮೆರಾದಲ್ಲಾದರೆ 36. ತೆಗೆದದ್ದು ಹೇಗೆ ಬಂತೆಂದು ನೋಡಲು ಹಿಂಬದಿಯಲ್ಲಿ ಪರದೆ ಇಲ್ಲ. ಊರಿಗೆ ಮರಳಿ, ಕಗ್ಗತ್ತಲಲ್ಲಿ ಕೈತಡವಿ ಫಿಲ್ಮನ್ನು ಡಬ್ಬಿಗೆ ಸುತ್ತಿ, ಡೆವಲಪರ್‌ನಲ್ಲಿ ತೊಳೆದು, ಹೈಪೋದಲ್ಲಿ ಅದ್ದಿ, ಬಟ್ಟೆ ಒಣಹಾಕಿದ ಹಾಗೆ ಕ್ಲಿಪ್ಪು ಹಾಕಿ ತೂಗುಬಿಡಬೇಕು. ಪ್ರಿಂಟು ಹಾಕುವಾಗ ಮಾತ್ರ ಕೆಂಪು ದೀಪಕ್ಕೆ ಅವಕಾಶ. ತಟ್ಟೆಯಲ್ಲಿ ಮುಳುಗಿದ ಬಿಳಿ ಕಾಗದದ ಮೇಲೆ ಮೊದಲು ಕಪ್ಪು ಕೂದಲು, ಆಮೇಲೆ ಕಣ್ಣು, ಕೊನೆಗೆ ಕೆನ್ನೆ ಮೂಡಿ ಬರುತ್ತದೆ. ಹಳೆಯ ಸ್ಟುಡಿಯೋಗಳಲ್ಲಿ ದುಡಿದ ಯಾರನ್ನಾದರೂ ಮಾತಾಡಿಸಿ ನೋಡಿ, ಹೈಪೋದ ವಾಸನೆಯ ಸುದ್ದಿ ಬಂದೇ ಬರುತ್ತದೆ. ಖರ್ಚಿಗೆ ಹೆದರಿಯಾದರೂ ಆಗಿನವರು ಕ್ಲಿಕ್ ಮಾಡುವ ಮೊದಲು ನೋಡುತ್ತಿದ್ದರು.

ನಮ್ಮ ಜಿಲ್ಲೆಯಲ್ಲಿ ಇಂಥ ದಾಖಲೆಯ ಕೆಲಸ ನಡೆದೇ ಇಲ್ಲ ಎಂದರೆ ತಪ್ಪಾಗುತ್ತದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಯಕ್ಷಗಾನ, ಭೂತಾರಾಧನೆಗಳನ್ನು ಕ್ಯಾಮೆರಾ, ಟೇಪುಗಳಲ್ಲಿ ಹಿಡಿದಿಡುವ ಕೆಲಸವನ್ನು 1980ರ ದಶಕದಲ್ಲೇ ಮಾಡಿತು. 1990ರಲ್ಲಿ ಫಿನ್ಲೆಂಡಿನ ಲೌರಿ ಹಾಂಕೋ ಅವರು ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಕುಳಿತು ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು ದಾಖಲಿಸಿಕೊಂಡರು, 15,683 ಸಾಲುಗಳು! ಹಾಡುವವರ ಎದುರು ದಿನಗಟ್ಟಲೆ ಕೂರುವ ವ್ಯವಧಾನ ಇದ್ದುದರಿಂದ ಅದು ಆಯಿತು. 1970ರಲ್ಲಿ ಮಣಿಪಾಲದಿಂದ ಹೊರಟ ‘ಉದಯವಾಣಿ’ ಅಚ್ಚುಕಟ್ಟಾದ ಮುದ್ರಣದಿಂದಲೇ ಹೆಸರು ಮಾಡಿದ ಪತ್ರಿಕೆ. ಅಂದ ಮೇಲೆ ನಮ್ಮಲ್ಲಿ ಒಳ್ಳೆಯ ಫೋಟೋಕ್ಕೆ ಜಾಗವೂ ಇತ್ತು, ನೋಡುವ ಕಣ್ಣೂ ಇತ್ತು.

ಕೋಲದ ಚಿತ್ರ ತೆಗೆಯುವವರಿಗೆ ಒಂದು ಮಾತು. ಅಣಿ ಕಟ್ಟಿ, ಗಗ್ಗರ ತೊಟ್ಟು, ದೊಂದಿ ಬೆಳಕಿನಲ್ಲಿ ದೈವ ಆವೇಶಗೊಂಡ ಚಿತ್ರ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಆ ಮನುಷ್ಯ ಮುಖಕ್ಕೆ ಅರದಾಳ ಹಚ್ಚಿಕೊಳ್ಳುತ್ತಾ, ಮಡಿಲಲ್ಲಿ ಕನ್ನಡಿ ಇಟ್ಟುಕೊಂಡು, ಪಕ್ಕದಲ್ಲಿ ತೆಂಗಿನ ತಿರಿ ಸೀಳುತ್ತಿರುವ ತಮ್ಮನೊಂದಿಗೆ ಮಗಳ ಶಾಲೆಯ ವಿಚಾರ ಮಾತಾಡುವ ಹೊತ್ತೊಂದು ಇರುತ್ತದೆ. ಆ ಹೊತ್ತಿಗೆ ಅಲ್ಲಿರಬೇಕಾದರೆ ಮೊದಲು ಆತನ ಪರಿಚಯ ಬೇಕು, ಒಪ್ಪಿಗೆ ಬೇಕು. ಒಪ್ಪದಿದ್ದರೆ ಕ್ಯಾಮೆರಾ ಚೀಲಕ್ಕೆ ಹಾಕಿ ಸುಮ್ಮನೆ ಕೂರಲು ಬರಬೇಕು. ಸತ್ಯನ್ ಅವರ ಚಿತ್ರಗಳನ್ನು ನೋಡುವಾಗ ಇಂಥ ಕೂರುವಿಕೆ ಎಷ್ಟಿದ್ದೀತು ಎಂದು ನಾನು ಲೆಕ್ಕ ಹಾಕುತ್ತಿರುತ್ತೇನೆ.

ಕೊನೆಯ ವರ್ಷಗಳಲ್ಲಿ ಅವರು ಮೈಸೂರಿನಲ್ಲೇ ಇದ್ದರು. ಆತ್ಮಕಥನ ‘ಅಲೈವ್ ಆ್ಯಂಡ್ ಕ್ಲಿಕಿಂಗ್’ 2005ರಲ್ಲಿ ಬಂತು; ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಇದೆ. 86 ತುಂಬಲು ಐದು ದಿನ ಇರುವಾಗ, 2009ರ ಡಿಸೆಂಬರ್ 13ರಂದು ತೀರಿಕೊಂಡರು. ಅವರ ಚಿತ್ರಗಳ ದೊಡ್ಡ ಸಂಗ್ರಹ ಈಗ ಬೆಂಗಳೂರಿನ ಮ್ಯಾಪ್ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿದೆ.

ಉಡುಪಿ, ಕಾಪು, ಕಾರ್ಕಳದ ಹಳೆಯ ಸ್ಟುಡಿಯೋಗಳ ಅಟ್ಟದಲ್ಲಿರುವ ನೆಗೆಟಿವ್‌ಗಳಿಗೆ ಆ ಭಾಗ್ಯ ಇಲ್ಲ. ನಮ್ಮ ಮಳೆಗಾಲದ ತೇವಕ್ಕೆ ಫಿಲ್ಮಿಗೆ ಬೂಷ್ಟು ಹಿಡಿಯುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಡಬ್ಬಿ ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಮೂಗಿಗೆ ಬಡಿದರೆ ಫಿಲ್ಮು ಒಳಗೊಳಗೇ ಕೆಡುತ್ತಿದೆ ಎಂದೇ ಅರ್ಥ. ಆ ರೋಲನ್ನು ಉಳಿದವುಗಳಿಂದ ಬೇರೆ ಮಾಡಿ ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಬೇಕು. ಮಿಕ್ಕವನ್ನು ಪ್ಲಾಸ್ಟಿಕ್‌ನಿಂದ ಬಿಡಿಸಿ ಕಾಗದದ ಲಕೋಟೆಗೆ ಹಾಕಿ, ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿ ಇಡಬಹುದು. ಲಕೋಟೆಯ ಮೇಲೆ ಊರು, ವರ್ಷ, ಚಿತ್ರದಲ್ಲಿರುವವರ ಹೆಸರು ಬರೆಯಬೇಕು. ಹೆಸರು ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ.