ಒತ್ತಡದ ನೀರಿನ ಯಂತ್ರವನ್ನು ನಿಲ್ಲಿಸಿ ಇಡುವ ಕ್ರಮ

ಆವರಗೆರೆಯ ಸುತ್ತಣ ದಾವಣಗೆರೆ, ಹರಿಹರ ಸೀಮೆಯಲ್ಲಿ ಕೆಸರುಗದ್ದೆಯಿಂದ ಬಂದ ಟ್ರಾಕ್ಟರನ್ನು ತೊಳೆಯಲು ಒತ್ತಡದ ನೀರಿನ ಯಂತ್ರವು ಉಪಯುಕ್ತವಾಗಿದೆ. ಆದರೆ ಮೋಟಾರು ನಿಂತರೂ ಕೊಳವೆಯೊಳಗಿನ ಒತ್ತಡವು ಉಳಿದಿರುವುದೆಂಬುದನ್ನು ಜಮೀನುದಾರರು ಮರೆಯಲಾಗದು. ಆ ಧಾರೆಯು ಚರ್ಮವನ್ನು ಭೇದಿಸಬಲ್ಲದು. ಗಾಯವು ಅಲ್ಪವಾಗಿ ಕಂಡರೂ ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು.

ಮೊದಲು ಮೋಟಾರನ್ನು ನಿಲ್ಲಿಸಿ, ಒಣಗೈಯಿಂದ ವಿದ್ಯುತ್ ಸಂಪರ್ಕವನ್ನು ತೆಗೆದು, ಆಮೇಲೆ ನಲ್ಲಿಯನ್ನು ಮುಚ್ಚಬೇಕು. ನೀರಿಲ್ಲದೆ ಓಡಿದ ಪಂಪು ಕೆಡುವುದು. ಅನಂತರ ಮೂತಿಯನ್ನು ನೆಲದ ಕಡೆಗೆ ಹಿಡಿದು, ಧಾರೆಯು ಪೂರ್ಣವಾಗಿ ನಿಲ್ಲುವವರೆಗೆ ಟ್ರಿಗರನ್ನು ಒತ್ತಿರಬೇಕು. ಆ ಬಳಿಕವೇ ಕೊಳವೆಯನ್ನು ಬಿಚ್ಚತಕ್ಕದ್ದು.

ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ. ಆದರೂ ಒಳಗುಳಿದ ನೀರು ತುಕ್ಕಿಗೆ ಕಾರಣವಾಗುವುದು. ಆದಕಾರಣ ಪಂಪಿನ ನೀರನ್ನು ಬಸಿದು, ಜಾಲರಿಯ ಮರಳನ್ನು ತೊಳೆದು, ಕೊಳವೆಯನ್ನು ಮಡಿಕೆ ಬೀಳದಂತೆ ಸುತ್ತಿ, ಬಿಸಿಲು ತಾಗದ ಒಣಸ್ಥಳದಲ್ಲಿ, ಮಕ್ಕಳ ಕೈಗೆ ಸಿಕ್ಕದಂತೆ ಇಡುವುದು ಕ್ಷೇಮಕರ.